ಅಮ್ಮ ಗುರುತಿಸಿದ ಬೆನ್ನು

ಅಪ್ಪ ಯಕ್ಷಗಾನ ಮೇಳದಲ್ಲಿ ಸ್ತ್ರೀವೇಷ ಮಾಡುತ್ತಿದ್ದರು. ದೀಪಾವಳಿ ಕಳೆದು ಮೇಳ ಹೊರಟರೆ ಬೇಸಿಗೆಯ ಕೊನೆಗೆ ಆಟಗಳೆಲ್ಲ ನಿಲ್ಲುವ ಪತ್ತನಾಜೆಯ ದಿನದವರೆಗೆ ಊರೂರು ತಿರುಗಾಟ. ಆಮೇಲೆ ಮಳೆಗಾಲ ಮುಗಿಯುವ ತನಕ ಮೂಡುಬಿದಿರೆಯ ನಮ್ಮ ಮನೆಯಲ್ಲಿರುತ್ತಿದ್ದರು. ತೆಳ್ಳಗಿನ ಆಳು, ನೀಳ ಕುತ್ತಿಗೆ, ಉದ್ದಕ್ಕೆ ಬೆಳೆಸಿ ಹಿಂದೆ ಗಂಟು ಹಾಕಿದ ಕೂದಲು. ರಂಗಸ್ಥಳದಲ್ಲಿ ಅವರು ಅತ್ತರೆ ಮುಂದೆ ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮರುದಿನ ಪೇಟೆಯಲ್ಲಿ ಅವರ ನಡಿಗೆಯನ್ನು ಅಣಕಿಸುವವರೂ ಇದ್ದರು. ಅಪ್ಪ ಎರಡಕ್ಕೂ ಒಂದೇ ಮುಖ ಮಾಡುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಒಂದು ವರ್ಷ, ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ವಾರದಲ್ಲೇ ವೇಣೂರಿನ ಹತ್ತಿರದ ಹಳೆಯ ಮನೆಯೊಂದಕ್ಕೆ ಸಿನಿಮಾದವರು ಬಂದರು. ಮಳೆ ಹಿಡಿಯುವುದರೊಳಗೆ ಶೂಟಿಂಗ್ ಮುಗಿಸುವ ಗಡಿಬಿಡಿ ಅವರಿಗೆ. ಕಥೆ ದೊಡ್ಡದೇನಲ್ಲ. ಕೆರೆಗೆ ಹಾರಿ ಸತ್ತ ಹೆಣ್ಣೊಬ್ಬಳು ಮೋಹಿನಿಯಾಗಿ ಬರುತ್ತಾಳೆ. ತನಗೆ ದ್ರೋಹ ಮಾಡಿದ ಮನೆತನದ ಗಂಡಸರನ್ನು ತನ್ನ ಚೆಲುವಿನಿಂದ ಸೆಳೆದು ಒಬ್ಬೊಬ್ಬರನ್ನಾಗಿ ನೀರಿಗೆ ಇಳಿಸುತ್ತಾಳೆ. ನಾಯಕಿಗೆ ನಡಿಗೆ ಕಲಿಸಲು ಯಾರಾದರೂ ಬೇಕೆಂದು ವಿಚಾರಿಸುತ್ತ ಅವರು ಅಪ್ಪನನ್ನು ಹುಡುಕಿಕೊಂಡು ಬಂದರು. ಅಪ್ಪ ನಾಲ್ಕೈದು ದಿನ ಹೋಗಿ ಬಂದರು.

"ಏನು ಕಲಿಸಿದಿರಿ?" ಎಂದು ಅಮ್ಮ ಕೇಳಿದರು.

"ನಡೆಯಲಿಕ್ಕೆ," ಎಂದರು ಅಪ್ಪ.

ಸಿನಿಮಾ ಬೆಳ್ತಂಗಡಿಯ ಟಾಕೀಸಿಗೆ ಬಂದಾಗ ನಾನು ಅಲ್ಲಿಯೇ ಶಾಲೆಯಲ್ಲಿ ಟೀಚರಾಗಿದ್ದೆ. ಪೋಸ್ಟರಿನ ಮೂಲೆಯಲ್ಲಿ "ವಯಸ್ಕರಿಗೆ ಮಾತ್ರ" ಎಂದು ಬರೆದಿತ್ತು. ಆ ಒಂದು ಬರಹಕ್ಕೇ ಟಾಕೀಸು ತುಂಬಿತು. ಶಾಲೆಯ ಗಂಡಸರು ನಾವು ಹೆಂಗಸರು ಸ್ಟಾಫ್ ರೂಮಿಗೆ ಬಂದ ಕೂಡಲೇ ಮಾತು ನಿಲ್ಲಿಸುತ್ತಿದ್ದರು. ಆದರೂ ಒಮ್ಮೆ ಡ್ರಾಯಿಂಗ್ ಮಾಸ್ಟರು ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು: "ಅವಳು ಕೆರೆಯ ಮೆಟ್ಟಿಲು ಹತ್ತಿ ಬರುವುದೊಂದು ಸಾಕು ಮಾರಾಯ, ಟಿಕೆಟಿನ ಹಣ ವಸೂಲು."

ಅಪ್ಪ ಕಲಿಸಿದ ನಡಿಗೆ ನೋಡಬೇಕೆಂದು ನಾನು ಚಿಕ್ಕಮ್ಮನನ್ನು ಕರೆದುಕೊಂಡು ಒಂದು ಮ್ಯಾಟಿನಿಗೆ ಹೋದೆ. ಹೆಂಗಸರ ಬದಿಯಲ್ಲಿ ನಾವು ಮತ್ತು ಇನ್ನು ಇಬ್ಬರು. ಮೋಹಿನಿ ನೀರಿನಿಂದ ಮೇಲೆದ್ದದ್ದೇ ತಡ, ಹಿಂದಿನ ಬೆಂಚುಗಳಿಂದ ಶಿಳ್ಳೆ ಶುರುವಾಯಿತು. ಚಿಕ್ಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು, ನಾನು ಚಪ್ಪಲಿ ನೋಡುತ್ತ ಕೂತೆ. ಅಮ್ಮನಂತೂ ಟಾಕೀಸಿನ ಕಡೆ ಮುಖ ಹಾಕಲಿಲ್ಲ.

ಎಂಬತ್ತರ ದಶಕದ ನಡುವಿನ ಹೊತ್ತಿಗೆ ನಾನು ಮದುವೆಯಾಗಿ ಬಂಟ್ವಾಳದಲ್ಲಿದ್ದೆ. ಗಲ್ಫಿನಲ್ಲಿದ್ದ ಮೈದುನ ರಜೆಗೆ ಬರುವಾಗ ಟಿ.ವಿ.ಯನ್ನೂ ವಿ.ಸಿ.ಆರ್. ಅನ್ನೂ ತಂದುಕೊಟ್ಟಿದ್ದ. ಅಮ್ಮ ಕೆಲವು ದಿನಗಳಿಗೆಂದು ನಮ್ಮಲ್ಲಿಗೆ ಬಂದಿದ್ದರು. ಕ್ಯಾಸೆಟ್ ಹಾಕಿದರೆ ಬೇಕಾದ ಪಿಕ್ಚರ್ ಮನೆಯಲ್ಲೇ ನೋಡಬಹುದು ಎಂದು ಗೊತ್ತಾದ ಮೇಲೆ, ಒಂದು ಬೆಳಿಗ್ಗೆ ತರಕಾರಿ ಹೆಚ್ಚುತ್ತ ಕೇಳಿದರು:

"ಆ ಕೆರೆಯ ಪಿಕ್ಚರ್ ಸಿಗಬಹುದಾ? ನಿನ್ನ ಅಪ್ಪ ಏನು ಕಲಿಸಿದರು ಅಂತ ನಾನು ನೋಡಲೇ ಇಲ್ಲ."

ಬಿ.ಸಿ. ರೋಡಿನ ವಿಡಿಯೊ ಅಂಗಡಿಯಲ್ಲಿ ಅದು ಇತ್ತು. ಅಂಗಡಿಯವನು ನನ್ನ ಮುಖವನ್ನೊಮ್ಮೆ, ಕ್ಯಾಸೆಟನ್ನೊಮ್ಮೆ ನೋಡಿ, ಕೇಳದೆಯೇ ಪೇಪರಿನಲ್ಲಿ ಸುತ್ತಿ ಕೊಟ್ಟ.

ಆದಿತ್ಯವಾರ ಮಧ್ಯಾಹ್ನ ಊಟವಾದ ಮೇಲೆ ಬಾಗಿಲು ಅಡ್ಡ ಮಾಡಿ ಕೂತೆವು. ಗಂಡ ಮನೆಯಲ್ಲಿರಲಿಲ್ಲ. ಅಮ್ಮ, ನಾನು, ವೀಳ್ಯದೆಲೆಯ ಹರಿವಾಣ ಹಿಡಿದುಕೊಂಡು ನಮ್ಮ ಅತ್ತೆ. ಟಾಕೀಸಿನಲ್ಲಿ ಎದೆ ನಡುಗಿಸಿದ್ದೆಲ್ಲ ಆ ಸಣ್ಣ ಪೆಟ್ಟಿಗೆಯಲ್ಲಿ ಸಪ್ಪೆಯಾಗಿತ್ತು. ಪ್ರೇತ ಬರುವ ಮೊದಲು ಏಳುವ ಹೊಗೆ ಯಾರೋ ಲೋಬಾನ ಹಾಕಿದಂತೆ ಕಾಣುತ್ತಿತ್ತು. ಮೋಹಿನಿಗೆ ಕೋರೆಹಲ್ಲು ಬಂದಾಗ ಅತ್ತೆ ಜೋರಾಗಿ ನಕ್ಕರು.

ಆಮೇಲೆ ಕೆರೆ ಬಂತು. ಸಂಜೆಯ ಬೆಳಕಿನಲ್ಲಿ ಅವಳು ನಮಗೆ ಬೆನ್ನು ಹಾಕಿ ನೀರಿನಿಂದೆದ್ದಳು. ಮೈಗಂಟಿದ ಬಿಳಿ ಸೀರೆ, ಬರಿಯ ಬೆನ್ನು, ಸೊಂಟದ ತನಕ ಒದ್ದೆ ಕೂದಲು. ಒಂದೊಂದೇ ಮೆಟ್ಟಿಲು ಹತ್ತಿದಳು. ಹಿಮ್ಮಡಿ ಕಲ್ಲಿಗೆ ತಾಗುವ ಮೊದಲು ಒಂದು ಗಳಿಗೆ ಗಾಳಿಯಲ್ಲೇ ನಿಲ್ಲುತ್ತಿತ್ತು. ನಡುವೆ ಒಂದು ಕಡೆ ಮುಖ ಕಾಣದಷ್ಟೇ ಅರೆ ಹೊರಳಿ ನಿಂತು, ಬೆನ್ನ ಮೇಲಿನ ಕೂದಲನ್ನು ಒಂದೇ ಕೈಯಲ್ಲಿ ಸೆಳೆದು ಮುಂದೆ ಹಾಕಿಕೊಂಡಳು. ಈ ಸಲ ನಾನು ಕಣ್ಣು ತಗ್ಗಿಸಲಿಲ್ಲ.

"ಸ್ವಲ್ಪ ಹಿಂದೆ ಹೋಗಲಿಕ್ಕೆ ಆಗುತ್ತದಾ?" ಎಂದರು ಅಮ್ಮ.

ಹಿಂದೆ ತಿರುಗಿಸಿ ಮತ್ತೆ ಹಾಕಿದೆ. ಅಮ್ಮ ಎದ್ದು ಟಿ.ವಿ.ಯ ಹತ್ತಿರ ಹೋದರು.

"ಇದು ಆ ಹುಡುಗಿ ಅಲ್ಲ."

"ಮತ್ತೆ ಯಾರು?"

"ನಿನ್ನ ಅಪ್ಪ."

ನಾನು ನಂಬಲಿಲ್ಲ. ಅಮ್ಮನಿಗೆ ಸಂಶಯವೇ ಇರಲಿಲ್ಲ. "ತಿರುಗಾಟ ಮುಗಿಸಿ ಬಂದಾಗಲೆಲ್ಲ ಎಣ್ಣೆ ತಿಕ್ಕಿದ ಬೆನ್ನು. ನನಗೆ ಗೊತ್ತಾಗುವುದಿಲ್ಲವಾ?"

ಅತ್ತೆ ಎಲೆ ಮಡಚುವುದನ್ನು ನಿಲ್ಲಿಸಿ ಬಹಳ ಹೊತ್ತು ನೋಡಿದರು. "ಇದು ನಮ್ಮ ಬೀಗರಾ? ಚಂದ ಉಂಟಪ್ಪ," ಎಂದವರು, ಹೇಳಿದ್ದು ಏನೆಂದು ಹೊಳೆದು ಬಾಯಿ ಮುಚ್ಚಿಕೊಂಡರು.

ಅಮ್ಮನನ್ನು ಕರೆದುಕೊಂಡು ಹೋಗಲು ಅಪ್ಪ ಆ ದಿನವೇ ಸಂಜೆ ಮೂಡುಬಿದಿರೆಯಿಂದ ಬಂದರು. ಕಾಲು ತೊಳೆದು ಒಳಗೆ ಬಂದವರನ್ನು ಅಮ್ಮ ಟಿ.ವಿ.ಯ ಮುಂದೆ ಕರೆದರು. "ಹಾಕು," ಎಂದರು ನನಗೆ. ಪರದೆಯ ಮೇಲೆ ಕೆರೆ ಕಂಡದ್ದೇ ಅಪ್ಪ ನಿಂತಲ್ಲೇ ನಿಂತರು.

"ಗೊತ್ತಾಯಿತಾ?" ಎಂದು ಅಮ್ಮನನ್ನು ಕೇಳಿದರು.

"ಗೊತ್ತಾಯಿತು."

ಚಾ ಕುಡಿಯುತ್ತ ಅಪ್ಪ ಆ ಕಥೆ ಹೇಳಿದರು. ನಾಯಕಿ ನನ್ನ ಪ್ರಾಯದ ಹುಡುಗಿ. ಜೊತೆಗೆ ತನ್ನವರು ಅಂತ ಯಾರೂ ಇರಲಿಲ್ಲ. ಕಲಿಸಿದ್ದನ್ನು ಬೇಗ ಹಿಡಿದುಕೊಂಡಳು. ಕೊನೆಯ ದಿನ ನಿರ್ದೇಶಕರು ರವಿಕೆ ಇಲ್ಲದೆ ನೀರಿನಿಂದ ಏಳಬೇಕು ಎಂದರಂತೆ. ಅವಳಿಗೆ ಆ ಮಾತು ಮೊದಲು ಹೇಳಿರಲಿಲ್ಲ. ಕೆರೆಯ ಸುತ್ತ ಶೂಟಿಂಗಿನವರು, ಅವರ ಹಿಂದೆ ನೋಡಲು ಬಂದ ಊರ ಗಂಡಸರು.

"ಚಾವಡಿಯಲ್ಲಿ ಕೂತು ಅಳುತ್ತಿದ್ದಳು," ಎಂದರು ಅಪ್ಪ. "ನಾನು ಹೋಗಿ ನಿರ್ದೇಶಕರ ಹತ್ತಿರ ಹೇಳಿದೆ, ಹಿಂದಿನಿಂದ ತೆಗೆಯುವುದಾದರೆ ಮುಖ ಯಾರದ್ದಾದರೇನು, ನಾನು ಇಳಿಯುತ್ತೇನೆ ಅಂತ."

"ಅವರು ಏನು ಹೇಳಿದರು?"

"ನಕ್ಕರು. ನೋಡಲು ಬಂದ ಊರವರನ್ನು ಆಚೆ ಕಳಿಸಿದ ಮೇಲೆ ನಾನು ಕೂದಲು ಬಿಚ್ಚಿ, ಸೀರೆ ಉಟ್ಟು ಒಮ್ಮೆ ಮೆಟ್ಟಿಲು ಹತ್ತಿ ತೋರಿಸಿದೆ. ಮತ್ತೆ ಯಾರೂ ನಗಲಿಲ್ಲ. ಕ್ಯಾಮರಾದವರು ಲೈಟ್ ಸರಿ ಮಾಡಲಿಕ್ಕೆ ಶುರು ಮಾಡಿದರು."

ಅದು ತಾನಲ್ಲವೆಂದು ಹೊರಗೆ ಗೊತ್ತಾದರೆ ಮುಂದೆ ತನಗೆ ಯಾರೂ ಪಾರ್ಟು ಕೊಡುವುದಿಲ್ಲ ಎಂದು ಆ ಹುಡುಗಿ ಹೆದರಿದ್ದಳಂತೆ. ಯಾರಿಗೂ ಹೇಳುವುದಿಲ್ಲ ಎಂದು ಅಪ್ಪ ಮಾತು ಕೊಟ್ಟರು. ಹೊರಡುವಾಗ ಅವಳು ಅವರ ಕಾಲು ಮುಟ್ಟಿ, "ಬರುತ್ತೇನೆ ಅಕ್ಕ," ಎಂದಳಂತೆ. ಇದನ್ನು ಹೇಳುವಾಗ ಮಾತ್ರ ಅಪ್ಪ ಸ್ವಲ್ಪ ನಕ್ಕರು.

"ನನಗೂ ಹೇಳಲಿಲ್ಲ," ಎಂದರು ಅಮ್ಮ.

"ಮಾತು ಕೊಟ್ಟದ್ದಲ್ಲವಾ?"

ಅಮ್ಮ ಲೋಟ ಕೆಳಗಿಟ್ಟರು. "ಆಗಲಿ. ನೀವು ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ. ನಾನೇ ಕಂಡುಹಿಡಿದದ್ದು. ನಿಮ್ಮ ಮಾತು ತಪ್ಪಲಿಲ್ಲ." ಅಷ್ಟು ಹೆಮ್ಮೆಯಿಂದ ಅಮ್ಮ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅಪ್ಪನೂ ಆ ಸಿನಿಮಾ ನೋಡಿರಲಿಲ್ಲವೆಂದು ಆಗ ತಿಳಿಯಿತು. ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಬೇರೆ ಕಲಾವಿದರ ವೇಷ ನೋಡುವಾಗ ಕೂರುವಂತೆಯೇ ಕೈಕಟ್ಟಿ ಕೂತು ನೋಡಿದರು.

"ಆ ತಿರುಗುವುದು ಯಾರೂ ಹೇಳಿದ್ದಲ್ಲ," ಎಂದರು. "ಪಾಚಿಗೆ ಕಾಲು ಜಾರಿತು. ಬೀಳುವ ಬದಲು ತಿರುಗಿದೆ."

"ಚಳಿ ಆಗಲಿಲ್ಲವಾ?" ಎಂದು ಅತ್ತೆ ಕೇಳಿದರು.

"ಆಯಿತು. ಮೋಹಿನಿಯೇ ನಡುಗಿದರೆ ಗಂಡಸರು ಹೆದರುವುದುಂಟಾ?"

ಅತ್ತೆ ಕೆಮ್ಮು ಬರುವಷ್ಟು ನಕ್ಕರು. ನನಗೆ ಟಾಕೀಸಿನ ಆ ಶಿಳ್ಳೆಗಳು ನೆನಪಾದವು. ಪೇಟೆಯಲ್ಲಿ ಅಪ್ಪನ ನಡಿಗೆಯನ್ನು ಅಣಕಿಸಿದವರೂ ಅವರಲ್ಲಿ ಇದ್ದಿರಬೇಕು. ಮೂರು ತಾಲೂಕಿನ ಗಂಡಸರು ಹಣ ಕೊಟ್ಟು, ಬಾಯಿ ಬಿಟ್ಟು ನೋಡಿದ ಹೆಣ್ಣು ಇಗೋ ಇಲ್ಲಿ, ನಮ್ಮ ಚಾವಡಿಯಲ್ಲಿ, ಲೋಟದ ಅಡಿಯಲ್ಲಿ ಉಳಿದ ಚಾವನ್ನು ಅಲುಗಿಸಿ ಕುಡಿಯುತ್ತಿದೆ. ಆ ಹೊತ್ತಿನಲ್ಲಿ ಡ್ರಾಯಿಂಗ್ ಮಾಸ್ಟರು ಸಿಕ್ಕಿದ್ದರೆ ನಾನು ಹೇಳಿಬಿಡುತ್ತಿದ್ದೆನೋ ಏನೋ.

ಅವರಿಗೂ ಹೇಳಲಿಲ್ಲ, ಇನ್ನೊಬ್ಬರಿಗೂ ಹೇಳಲಿಲ್ಲ. ಅಪ್ಪ ಅಮ್ಮ ಇಬ್ಬರೂ ಈಗ ಇಲ್ಲ. ಆ ನಾಯಕಿ ಎಲ್ಲಿಯೋ ಮೊಮ್ಮಕ್ಕಳೊಂದಿಗೆ ಇರಬಹುದು. ಅವಳಿಗೆ ಕೊಟ್ಟ ಮಾತು ಅಪ್ಪನೊಂದಿಗೆ ತೀರಿತೆಂದು ನಾನು ಭಾವಿಸಿಲ್ಲ. ಅದಕ್ಕೇ ಇಲ್ಲಿ ಸಿನಿಮಾದ ಹೆಸರನ್ನಾಗಲಿ ನಮ್ಮ ಹೆಸರುಗಳನ್ನಾಗಲಿ ಬರೆದಿಲ್ಲ.

ನಾವು ಕ್ಯಾಸೆಟ್ ನೋಡಿದ ವರ್ಷದ ತಿರುಗಾಟದಲ್ಲಿ ಅಪ್ಪನ ಮೇಳ ವಿಟ್ಲಕ್ಕೆ ಬಂದಿತ್ತು. ಆಟ ನೋಡಲು ಹೋಗುವುದನ್ನು ಎಷ್ಟೋ ಕಾಲದ ಹಿಂದೆಯೇ ಬಿಟ್ಟಿದ್ದ ಅಮ್ಮ ತಾವಾಗಿಯೇ, "ಹೋಗುವ," ಎಂದು ಹೊರಟರು. ಚಾಪೆ ಹಾಸಿ ಎಲ್ಲರಿಗಿಂತ ಮುಂದೆ ಕೂತೆವು. ಅಪ್ಪ ರಂಗಸ್ಥಳಕ್ಕೆ ಬಂದು ಒಂದು ಸುತ್ತು ಹಾಕಿ ನಿಂತಾಗ, ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸೊಬ್ಬರು, "ಇದು ನಿಜಕ್ಕೂ ಹೆಂಗಸೇ ಇರಬೇಕು," ಎಂದರು.

"ಅಲ್ಲ," ಎಂದರು ಅಮ್ಮ. "ನಮ್ಮ ಯಜಮಾನರು."