ದಿಲ್ಲಿಯವರಿಗೆ ತೋರಿಸಿದ ಶಾಲೆ

ವಿಶ್ರುತ್ ಮತ್ತೆ ಮಾತು ನಿಲ್ಲಿಸಿಬಿಟ್ಟರೆ ಎಂಬ ದಿಗಿಲು ರಶ್ಮಿಯ ಎದೆಯಿಂದ ಇಳಿಯಲೊಲ್ಲದು. ಅನ್ನ ಕಲಸುವಾಗಲೂ ಅದೇ, ಬಟ್ಟೆ ಹರವುವಾಗಲೂ ಅದೇ. ಶಾಲೆಯಿಂದ ಬಂದ ಮಗ ಚೀಲ ಬಿಸಾಡಿ ಗೋಡೆಯ ಕಡೆ ತಿರುಗಿ ಕೂರುತ್ತಿದ್ದ. "ಇವತ್ತು ಏನ್ ಹೇಳ್ಕೊಟ್ರೋ?" ಎಂದರೆ ಭುಜ ಕುಣಿಸುತ್ತಿದ್ದ, ಅಷ್ಟೆ.

ಐದು ವರ್ಷ ತುಂಬುವವರೆಗೂ ಅವನ ಬಾಯಿಂದ ನೆಟ್ಟಗೆ ಒಂದು ಮಾತು ಹೊರಟಿರಲಿಲ್ಲ. ಕಾನ್ವೆಂಟಿನವರು ಇಂಟರ್‌ವ್ಯೂನಲ್ಲೇ ಸಾಗಹಾಕಿದ್ದರು. ಆಗ ಕಾಕ್ಸ್ ಟೌನಿನ ಅವರ ಫ್ಲಾಟಿನ ಬಾಗಿಲಿಗೆ ಬಂದವಳು ಮರ್ಫಿ ಟೌನ್ ಸರ್ಕಾರಿ ಶಾಲೆಯ ಪ್ರೇಮಕ್ಕ. ಶಾಲೆಯ ಮೆಟ್ಟಿಲು ಹತ್ತದ ಮಕ್ಕಳನ್ನು ಹುಡುಕಿ ತಂದು ಓದಿಸುವುದು ಅವಳ ಕೆಲಸ. ದಿಲ್ಲಿಯ ದುಡ್ಡಿನಲ್ಲಿ ನಡೆಯುತ್ತಿದ್ದ ಯೋಜನೆ ಅದು.

"ನಮ್ಮತ್ರ ಬಿಡಿ ಮೇಡಮ್ಮೋರೆ. ಅವ್ನು ಮಾತಾಡ್ದಿದ್ರೆ ಇಬ್ಬರ ಮಾತೂ ನಾನೇ ಆಡ್ತೀನಿ," ಎಂದಿದ್ದಳು.

ಪ್ರೇಮಕ್ಕ ಹುಟ್ಟಿ ಬೆಳೆದದ್ದು ಮರ್ಫಿ ಟೌನಿನ ಸಾಲುಮನೆಯಲ್ಲೇ. ಹತ್ತನೇ ಕ್ಲಾಸು ಮುಗಿಸಿ, ಗಾರ್ಮೆಂಟ್ಸಿನಲ್ಲಿ ಗುಂಡಿ ಹೊಲಿದು, ಗಂಡ ಸತ್ತ ಮೇಲೆ ಈ ಕೆಲಸಕ್ಕೆ ಬಂದವಳು. ತಮಿಳಿನ ಮಕ್ಕಳನ್ನು ತಮಿಳಿನಲ್ಲೇ ಗದರಿ, ಉರ್ದು ಮಕ್ಕಳನ್ನು 'ಆಜಾ ಬೇಟಾ' ಎಂದು ಕರೆದು, ಕೊನೆಗೆ ಎಲ್ಲರನ್ನೂ ಕನ್ನಡದ ಅಕ್ಷರಕ್ಕೆ ತಂದು ಕೂರಿಸುತ್ತಿದ್ದಳು. ಆ ಗದ್ದಲದಲ್ಲಿ ವಿಶ್ರುತನ ಬಾಯಿ ಯಾವಾಗ ಬಿಚ್ಚಿತೋ. ಒಂದು ಸಂಜೆ ಮನೆಗೆ ಬಂದವನೇ ಅಪ್ಪನಿಗೆ, "ಚುಪ್ ಬೈಠೋ," ಎಂದು ಗದರಿದ. ರಶ್ಮಿ ಅಡುಗೆಮನೆಗೆ ಹೋಗಿ ಅತ್ತಳು.

ಆಮೇಲೊಮ್ಮೆ, ಯಾವ ಶಾಲೆಗೆ ಏನು ಕೊರತೆ ಎಂದು ನೋಡಲು ದಿಲ್ಲಿಯಿಂದ ತಂಡ ಬರುತ್ತದೆ ಎಂದಾಯಿತು. ಹೆಣ್ಣು ನೋಡಲು ಬರುವ ಮನೆಯ ಸಡಗರ. ಪ್ರೇಮಕ್ಕ ಶಿವಾಜಿನಗರದ ಶಾಮಿಯಾನದ ಅಕ್ತರನನ್ನು ಕಾಡಿ ಬೆಂಚು ತಂದಳು. ಸೋರಿ ಕಪ್ಪಾಗಿದ್ದ ಗೋಡೆಗೆ ಮದುವೆಯ ಪರದೆ ಕಟ್ಟಿಸಿದಳು. ರಶ್ಮಿ ತನ್ನ ಬಾಲ್ಕನಿಯ ಹೂಕುಂಡಗಳನ್ನು ಆಟೋದಲ್ಲಿ ಸಾಗಿಸಿದಳು. ಶಾಲೆಗೆ ಬರದ ಮಕ್ಕಳಿದ್ದಾರಾ ಎಂದು ಬಂದವರು ಕೇಳಿದರು. "ನಮ್ ಏರಿಯಾದಲ್ಲಿ ಒಬ್ರೂ ಇಲ್ಲ ಸಾರ್," ಎಂದಳು ಪ್ರೇಮಕ್ಕ, ಸೆರಗು ಸರಿಮಾಡಿಕೊಂಡು. ಅವರು ಎಳನೀರು ಕುಡಿದು ಹೋದರು.

ದಿಲ್ಲಿಯಲ್ಲಿ ಆ ವರ್ಷ ದುಡ್ಡು ಮೊಟಕಾಗಿತ್ತು. ಎಲ್ಲಿ ಕತ್ತರಿಸೋಣ ಎಂದು ಹುಡುಕುತ್ತಿದ್ದವರ ಕಣ್ಣಿಗೆ ಈ ಶಾಲೆ ಸುಖವಾಗಿಯೇ ಕಂಡಿತು. ಪ್ರೇಮಕ್ಕನ ಕೆಲಸ ಹೋಯಿತು. ಮೂರು ಕ್ಲಾಸಿನ ಮಕ್ಕಳು ಒಂದೇ ಕೋಣೆಗೆ ಬಂದರು. ಅವರಿಗೆಲ್ಲ ಒಬ್ಬರೇ ಮೇಷ್ಟ್ರು, ಬಿಸಿಯೂಟದ ಅಕ್ಕಿ ಅಳೆಯುವವರೂ ಅವರೇ. ವಿಶ್ರುತ್ ಗೋಡೆಯ ಕಡೆ ತಿರುಗಿ ಕೂರಲು ಶುರುಮಾಡಿದ್ದು ಆಗಲೇ.

ವಿಶ್ರುತನನ್ನು ಬಿಡಿಸುತ್ತಾರಂತೆ ಎಂದು ಕೇಳಿ ಪ್ರೇಮಕ್ಕ ಓಡಿಬಂದಳು. "ಬಿಡಿಸ್ಬೇಡಿ ಮೇಡಮ್ಮೋರೆ. ನೀವು ಹೋದ್ರೆ ನಿಮ್ಮನ್ನ ನೋಡಿ ಇನ್ನೂ ನಾಕು ಜನ ಹೋಗ್ತಾರೆ. ಆಮೇಲೆ ಬೀಗ ಹಾಕೋಕೆ ಅವ್ರಿಗೆ ಸಲೀಸು."

"ನೀವಿದ್ದಿದ್ರೆ ನಾನ್ಯಾಕ್ ಬಿಡಿಸ್ತಿದ್ದೆ? ಅವ್ರಿಗೆ ಇದ್ದದ್ದನ್ನ ಇದ್ದಹಾಗೆ ತೋರಿಸ್ಬೇಕಿತ್ತು ನೀವು."

"ಹೂಂ. ನಾನು ಬೆಂಚು ತಂದೆ, ನೀವು ಹೂಕುಂಡ ತಂದ್ರಿ. ಇನ್ಯಾರನ್ನ ಬೈಯೋಣ ಹೇಳಿ."

ರಶ್ಮಿ ಕಾಫಿ ಕೊಟ್ಟಳು, ಮಾತು ಕೊಡಲಿಲ್ಲ.

ಮಾರನೆಯ ದಿನ ವಿಶ್ರುತ್ ಒದ್ದೆ ಚಡ್ಡಿಯಲ್ಲಿ ಮನೆಗೆ ಬಂದ. ಹೊರಗೆ ಹೋಗಬೇಕೆಂದು ಮೇಷ್ಟ್ರನ್ನು ಕೇಳಲು ಅವನಿಂದ ಆಗಿರಲಿಲ್ಲ. ರಶ್ಮಿ ಅವನ ಮೈ ತೊಳೆದು, ಬಟ್ಟೆ ಬದಲಿಸಿ, ಇಂದಿರಾನಗರದ ಇಂಗ್ಲಿಷ್ ಶಾಲೆಯೊಂದಕ್ಕೆ ಫೋನ್ ಮಾಡಿದಳು.

ಆ ಕಡೆಯ ಹೆಂಗಸು ಕೇಳಿದಳು, "ಈಗ ಯಾವ ಸ್ಕೂಲಲ್ಲಿದಾನೆ ಮೇಡಮ್?"

"ಎಲ್ಲಿಗೂ ಹಾಕಿಲ್ಲ," ಎಂದಳು ರಶ್ಮಿ. "ಇಷ್ಟು ದಿನ ಮನೇಲೇ ಇದ್ದ."