ಕೌಜಲಗಿ ಓಣಿಯ ಉಪ್ಪು

ಥೈರಾಯ್ಡ್ ಗುಳಿಗೆ ನುಂಗಿದ ಮೇಲೆ ಅರ್ಧ ತಾಸು ನಾನು ಚಹಾ ಕುಡಿಯುವಂತಿಲ್ಲ. ಗೋಕಾಕದ ನಮ್ಮ ಮನೆಯಲ್ಲಿ ಆ ಅರ್ಧ ತಾಸಿಗೆ ಒಂದು ಕೆಲಸ ನಿಗದಿಯಾಗಿತ್ತು. ನಾನು ಹಾಲು ಉಕ್ಕದಂತೆ ಕಾಯುತ್ತ ಕಟ್ಟೆ ಒರೆಸುತ್ತಿದ್ದೆ. ಯಜಮಾನರು ಪಡಸಾಲೆಯಲ್ಲಿ ಕಂಪ್ಯೂಟರ್ ತೆರೆದು, ತಮ್ಮ ಲೇಖನಗಳನ್ನು ಎಲ್ಲೆಲ್ಲಿ ಯಾರ್‍ಯಾರು ಉಲ್ಲೇಖಿಸಿದ್ದಾರೆಂದು ನೋಡುತ್ತಿದ್ದರು. ಅವರು ಮೆಡಿಕಲ್ ಕಾಲೇಜಿನಲ್ಲಿ ಹಾರ್ಮೋನುಗಳ, ಹೆಚ್ಚಾಗಿ ಥೈರಾಯ್ಡಿನ ಸಂಶೋಧನೆ ಮಾಡುವವರು. ಉಳಿದ ಮನೆಗಳ ಗಂಡಸರು ಎದ್ದ ಕೂಡಲೇ ಬೆಲ್ಲದ ದರ ನೋಡುತ್ತಾರೆ, ನಮ್ಮವರು ಇದನ್ನು. "ಇವತ್ತ ಎರಡು ಏರ್‍ಯಾವು ನೋಡು" ಎಂದು ಅಲ್ಲಿಂದಲೇ ಹೇಳುವರು. "ಯಾವ ದೇಶದವ್ರು?" ಎಂದು ನಾನು ಕೇಳಬೇಕು. ಕೇಳದಿದ್ದರೆ ಮುಖ ಸಣ್ಣದಾಗುತ್ತಿತ್ತು.

ಕಳೆದ ಶ್ರಾವಣದ ಆ ರವಿವಾರ ಅವರ ದನಿ ಬರಲಿಲ್ಲ. ಹಾಲು ಇಳಿಸಿ ಹೋದೆ. ಚಷ್ಮಾ ಹಣೆಯ ಮೇಲೇರಿತ್ತು.

"ಏನಾತ್ರಿ?"

"ಉಪ್ಪಿನ ಪೇಪರಿನ ಬಗ್ಗೆ ಹೊರದೇಶದಾಕಿ ಒಬ್ಬಾಕಿ ಬರದಾಳ. ಕೌಜಲಗ್ಯಾಗ ಓಣಿ ಉಪ್ಪೆಲ್ಲಾ ಒಂದ ನಮೂನಿ ಬಣ್ಣಾ ಹೆಂಗ ಕೊಟ್ಟಾವಂತ. ಮೂಲ ರಜಿಸ್ಟರ್ ಕೇಳ್ಯಾಳ. ಎಲ್ಲಿಟ್ಟಿ ಅದನ್ನ?"

ಒರೆಸುವ ಬಟ್ಟೆ ನನ್ನ ಕೈಯಲ್ಲೇ ಇತ್ತು. ಅದನ್ನು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ.

ಅವರ ಲೇಖನಗಳು ಬಹಳ ಇವೆ, ಹೆಸರು ತಂದದ್ದು ಅದೊಂದೇ. ಕೌಜಲಗಿ, ಮೂಡಲಗಿ ಬಾಜೂ ಕಲ್ಲೋಳಿ, ಹುಕ್ಕೇರಿ ಕಡೆಯ ಕಣಗಲಾ: ಮೂರೂ ಊರಲ್ಲಿ ಮನೆಯ ಉಪ್ಪಿನಲ್ಲಿ ಅಯೋಡಿನ್ ಸಾಕಷ್ಟಿತ್ತು, ಆದರೂ ಅಯೋಡಿನ್ ಕೊರತೆ ಇದ್ದವರ ಹಾಗೆ ಹೆಂಗಸರ ಕುತ್ತಿಗೆ ಗಳಗಂಡದಿಂದ ಬಾತಿತ್ತು. ಹಾಗಾದರೆ ಕಾರಣ ಬೇರೆಯೇ ಇರಬೇಕು ಎಂದು ಅವರು ಬರೆದರು. ಆ ಬೇರೆ ಕಾರಣ ಹುಡುಕುವವರೆಲ್ಲ ಅವರ ಹೆಸರು ಹಾಕದೆ ಬರೆಯುತ್ತಿರಲಿಲ್ಲ.

ಆ ಉಪ್ಪು ಕೂಡಿಸಿದವಳು ನಾನು. ಗಂಡಸರನ್ನು ಯಾರೂ ಅಡುಗೆಮನೆಯ ತನಕ ಬಿಡುವುದಿಲ್ಲವೆಂದು ನನ್ನನ್ನು ಕರೆದೊಯ್ದಿದ್ದರು. ಉಪ್ಪಿನ ಮೇಲೆ ಔಷಧದ ಒಂದು ಹನಿ ಬಿಟ್ಟರೆ ಅಯೋಡಿನ್ ಇದ್ದಷ್ಟು ನೀಲಿಯಾಗುತ್ತಿತ್ತು. ಕಾನ್ವೆಂಟಿನ ಸಿಸ್ಟರುಗಳು ಬೆರಳಿಗೆ ಪಟ್ಟಿ ಏಟು ಕೊಟ್ಟು ತಿದ್ದಿಸಿದ ಅಕ್ಷರದಲ್ಲಿ ಎಲ್ಲ ಬರೆದುಕೊಳ್ಳುತ್ತಿದ್ದೆ.

ಕೌಜಲಗಿಗೆ ಹೋದದ್ದು ಶುಕ್ರವಾರ. ಮೊದಲ ಮನೆಯ ಮುದುಕಿ ಹೊಸ್ತಿಲಲ್ಲೇ ತಡೆದಳು. "ಯವ್ವಾ, ಶುಕ್ರವಾರ ಮನಿ ಉಪ್ಪು ಹೊರಗ ಕೊಟ್ರ ಲಕ್ಷ್ಮಿನ್ನ ಕಳಿಸಿಕೊಟ್ಟಂಗ. ನೀನೂ ಮುತ್ತೈದಿ, ಗೊತ್ತಿಲ್ಲೇನು ನಿನಗ?" ಗೊತ್ತಿತ್ತು. ನಮ್ಮ ಅತ್ತೆಯೂ ಕೊಡುತ್ತಿರಲಿಲ್ಲ. ಆದರೆ ಬಂದವಳನ್ನು ಬರಿಗೈಯಲ್ಲಿ ಕಳಿಸಲು ಮುದುಕಿಗೆ ಮನಸ್ಸಾಗಲಿಲ್ಲ. ಸೊಸೆಯನ್ನು ಅಂಗಡಿಗೆ ಅಟ್ಟಿ ಹೊಸ ಪಾಕೀಟು ತರಿಸಿ, ಒಳಗೆ ಒಯ್ಯದೆ, ಹೊರಗಿನ ಕಟ್ಟೆಯ ಮೇಲೇ ಒಡೆದು ನನ್ನ ಡಬ್ಬಿಗೆ ಸುರಿದಳು. ಅದೇ ಪಾಕೀಟು ಕಟ್ಟೆಯಿಂದ ಕಟ್ಟೆಗೆ ಓಣಿಯೆಲ್ಲ ತಿರುಗಿತು. ಅವರು ದಿನಾ ಬಳಸುವ ಹರಳುಪ್ಪಿನ ಗಡಿಗೆ ಒಲೆಯ ಪಕ್ಕ ಇದ್ದದ್ದು ನನಗೆ ಕಾಣುತ್ತಿತ್ತು. ಆದರೂ ರಜಿಸ್ಟರಿನಲ್ಲಿ ಪ್ರತಿ ಮನೆಯ ಹೆಸರಿನ ಮುಂದೆ 'ನೀಲಿ' ಎಂದು ಚಂದಾಗಿ ಬರೆದೆ. ಉಪ್ಪು ಉಪ್ಪೇ ಅಲ್ಲವೇ ಅಂದುಕೊಂಡೆ.

ಮಾಡಿದ್ದೇನೆಂದು ತಿಳಿದದ್ದು ಲೇಖನ ಅಚ್ಚಾಗಿ ಬಂದಾಗ, ಓದಿ ನೋಡಿದ ಮೇಲೆ. ನಾನು ಪರೀಕ್ಷಿಸಿದ್ದು ಅಂಗಡಿಯ ಪಾಕೀಟು, ಅವರು ದಿನಾ ಉಣ್ಣುವುದು ಅಯೋಡಿನ್ ಇಲ್ಲದ ಹರಳುಪ್ಪು. ಅಷ್ಟರಲ್ಲಿ ಮನೆಗೆ ಪೇಢೆ ಬಂದಾಗಿತ್ತು. ಸುಮ್ಮನಾದೆ. ಅಂದಿನಿಂದ ಮುಂಜಾನೆ ಆ ಸಂಖ್ಯೆ ಏರಿತೆಂದಾಗಲೆಲ್ಲ ಒರೆಸಿದ ಕಟ್ಟೆಯನ್ನೇ ಮತ್ತೊಮ್ಮೆ ಒರೆಸುತ್ತಿದ್ದೆ.

ಆ ರವಿವಾರ, ರಜಿಸ್ಟರ್ ಇಟ್ಟಿದ್ದ ಟ್ರಂಕಿನ ಮುಂದೆ ಕೂತು, ಗೆದ್ದಲು ತಿಂದಿವೆ ಅಂದುಬಿಡಲೇ ಎಂದು ಒಂದು ಗಳಿಗೆ ಯೋಚಿಸಿದೆ. ರಜಿಸ್ಟರಿನ ಖಾಕಿ ರಟ್ಟು ಹೊಸದರ ಹಾಗೇ ಇತ್ತು. ಒಯ್ದು ಅವರ ಮುಂದಿಟ್ಟು ಎಲ್ಲ ಹೇಳಿದೆ.

ಅವರು ನನ್ನ ಅಕ್ಷರದ ಮೇಲೆ ಸಾಲು ಸಾಲಾಗಿ ಬೆರಳು ಇಳಿಸಿದರು. "ಲಕ್ಷ್ಮಿನ್ನ ಉಳಿಸಿದಿ, ನನ್ನ ಕಳದಿ" ಎಂದರು. ಅಷ್ಟೇ. ಮಧ್ಯಾಹ್ನ ರೊಟ್ಟಿ ತಾಟಿನಲ್ಲೇ ಒಣಗಿತು. ಲೇಖನ ಹಿಂದಕ್ಕೆ ಪಡೆಯಬೇಕಾಗಿ ಬಂದರೆ ಉಳಿದವನ್ನೂ ಯಾರೂ ನಂಬುವುದಿಲ್ಲ. ಬಾಗಿಲ ಮರೆಯಲ್ಲಿ ನಿಂತು ಪುಟ ತಿರುವುವ ಸಪ್ಪಳ ಕೇಳುತ್ತಿದ್ದೆ.

ನಾಲ್ಕು ಗಂಟೆಗೆ ಕರೆದರು. "ಕಲ್ಲೋಳಿಗೆ ಯಾವ ವಾರ ಹೋಗಿದ್ದಿ?"

"ಬುಧವಾರರಿ. ಕಣಗಲಾಕ್ಕ ಸೋಮವಾರ. ಎರಡೂ ಕಡೆ ಒಳಗಿಂದ ಬಟ್ಟಲದಾಗ ತಂದು ಕೊಟ್ಟಾರ."

"ಹಂಗಾದ್ರ ಕೌಜಲಗಿ ತಗದ್ರೂ ಎರಡು ಊರು ನಿಲ್ತಾವ. ಖರೆ ಏನೈತಿ ಅದನ್ನ ಬರದು ತಿದ್ದುಪಡಿ ಕಳಸ್ತೇನಿ. ಪೇಪರ್ ಉಳೀತೈತಿ." ಚಷ್ಮಾ ಕೆಳಗಿಳಿಯಿತು. "ಚಹಾ ಮಾಡು."

ಸಂಜೆ ಬಾಜೂ ಮನೆಯಾಕಿ ಮೆಂತ್ಯದ ಸೂಡು ಹಿಡಿದು ಬಂದು ನಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತಳು. ಕಲ್ಲೋಳಿ ಅವಳ ತವರು. "ಏನ್ರಿ ವೈನಿ, ಮುಂಜಾನಿಂದ ಮಾರಿನ ಕಂಡಿಲ್ಲ. ಸಾಹೇಬ್ರು ಬೈದ್ರೇನು?"

"ಬೈದ್ರ ಚಲೋ ಇತ್ತು" ಎಂದು ನಕ್ಕು, ಶುಕ್ರವಾರದ ಉಪ್ಪಿನ ಕತೆಯನ್ನು ಸಣ್ಣದು ಮಾಡಿ ಹೇಳಿದೆ. ಒಳಗೆ ಯಜಮಾನರು ತಿದ್ದುಪಡಿ ಟೈಪ್ ಮಾಡುವುದು ಕಿಟಕಿಯಿಂದ ಕೇಳುತ್ತಿತ್ತು.

ಅವಳು ತಲೆ ಎತ್ತದೆ ಎಲೆ ಬಿಡಿಸುತ್ತ ಹೇಳಿದಳು: "ಶುಕ್ರವಾರ ಯಾಕ್ರಿ ವೈನಿ? ಉಪ್ಪು ನೋಡಾಕ ದವಾಖಾನಿ ಮಂದಿ ಬಂದ್ರಂದ್ರ ನಮ್ಮವ್ವ ಯಾವ ವಾರ ಇದ್ರೂ ಒಳಗ ಹೋಗಿ ಹೊಸಾ ಪಾಕೀಟನ ಒಡದು ಬಟ್ಟಲದಾಗ ಹಾಕಿ ತರ್ತಿದ್ಲು. ಅಂಥವರಿಗೆ ಗಡಗ್ಯಾನ ಹರಳುಪ್ಪು ಯಾರ್ ತೋರಸ್ತಾರ್ರಿ?"