ನಂಜೆನಿಸಿಕೊಂಡ ಹಾಲು

ಕೊಟ್ಟಿಗೆಹಾರದ ಸುತ್ತಮುತ್ತ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಗೂ ಕೂಸಿಗೂ ನೀರು ಹಾಕಲು ಮುದ್ದಮ್ಮನೇ ಬೇಕು. ಆದರೆ ಗಂಡನ ಅಕ್ಕ ಯಶೋದಮ್ಮನ ಹೊಸಿಲನ್ನು ಅವಳು ಮೂವತ್ತೆಂಟು ವರ್ಷ ತುಳಿದಿರಲಿಲ್ಲ. ಮುದ್ದಮ್ಮನ ಚೊಚ್ಚಲ ಕೂಸು ಹಳದಿಯಾದಾಗ, ‘ನಿನ್ನ ಹಾಲೇ ನಂಜು’ ಎಂದು ಎದೆಯಿಂದ ಕಿತ್ತುಕೊಂಡು ಸಕ್ಕರೆ ನೀರು ಕುಡಿಸಿದವಳು ಆಕೆ. ಒಂಬತ್ತನೆಯ ದಿನ ಕೂಸು ಹೋಯಿತು. ಹಾಲು ಮಾತ್ರ ತಿಂಗಳುಗಟ್ಟಲೆ ಸೋರುತ್ತಲೇ ಇತ್ತು.

ಈ ಆಷಾಢದಲ್ಲಿ ಯಶೋದಮ್ಮನ ಮೊಮ್ಮಗಳು ರಕ್ಷಾ ಹೆತ್ತು ಮನೆಗೆ ಬಂದಳು. ಬೇರೆ ಯಾರೂ ಸಿಗದೆ ಮುದ್ದಮ್ಮನಿಗೇ ಹೇಳಿಕಳಿಸಿದರು. ಅವಳು ಹೋದಳು, ಕೂಸಿನ ಮೇಲಿನ ಮಮತೆಯಿಂದಲ್ಲ, ಆ ಮುದುಕಿಯ ಮುಖ ನೋಡಲಿಕ್ಕೆ.

ಐದು ದಿನದ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಮೂಗಿನ ತುದಿ ಒತ್ತಿ ನೋಡಿದಳು. ಹಳದಿ. ಎದೆಯೂ ಹಾಗೆಯೇ, ಅಂಗಾಲೂ ಹಾಗೆಯೇ. ನೀರು ಹುಯ್ದರೂ ಕೂಸು ಅಳಲಿಲ್ಲ, ಬಾಯಿಗೆ ಬೆರಳಿಟ್ಟರೆ ಚೀಪಲಿಲ್ಲ. ಪಕ್ಕದಲ್ಲಿ, ಕೂಸಿಗೆ ಕುಡಿಸುವ ಬೆಳ್ಳಿ ಒಳಲೆಯಲ್ಲಿ ಸಕ್ಕರೆ ನೀರಿತ್ತು. ಎರಡು ದಿನದಿಂದ ಯಶೋದಮ್ಮ ಎದೆಹಾಲು ಬಿಡಿಸಿದ್ದಳಂತೆ.

ಇನ್ನೆರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಸೇಡು ತಾನಾಗಿ ತೀರುತ್ತಿತ್ತು. ಮುದ್ದಮ್ಮನಿಗೆ ಆ ಯೋಚನೆ ಬಂದದ್ದು ಸುಳ್ಳಲ್ಲ. ತಲೆಯೆತ್ತಿದರೆ ಎದುರಿಗೆ ರಕ್ಷಾ. ಹಾಲು ಸೋರಿ ರವಿಕೆ ಒದ್ದೆಯಾಗಿತ್ತು.

ಮುದ್ದಮ್ಮ ಒಳಲೆಯನ್ನು ಬಚ್ಚಲಿಗೆ ಎಸೆದು, ಮೂಡಿಗೆರೆ ಆಸ್ಪತ್ರೆಗೆ ಹೋಗಲು ಜೀಪು ತರಿಸಿದಳು.

“ನೀವೂ ಹತ್ತಿ, ಯಶೋದಕ್ಕ. ಡಾಕ್ಟ್ರು ಹೇಳೋದನ್ನ ಕೇಳೋಕೆ ನೀವೇ ಬೇಕು.”

ಆಸ್ಪತ್ರೆಯಲ್ಲಿ ಕೂಸನ್ನು ನೀಲಿ ದೀಪದಡಿ ಮಲಗಿಸಿದರು. ತಡವಾಗಿದ್ದರೆ ಕಾಮಾಲೆ ಮಿದುಳಿಗೇ ಏರುತ್ತಿತ್ತೆಂದೂ, ಹಾಲು ಬಿಡಿಸಿದ್ದೇ ದೊಡ್ಡ ತಪ್ಪೆಂದೂ, ಎರಡು ತಾಸಿಗೊಮ್ಮೆ ತಾಯಿಹಾಲು ಕೊಡಲೇಬೇಕೆಂದೂ ಡಾಕ್ಟರು ಹೇಳಿದರು.

“ಅಜ್ಜಿಗೆ ಕಿವಿ ಮಂದ, ಡಾಕ್ಟ್ರೆ. ಇನ್ನೊಂದ್ಸಲ ಗಟ್ಟಿಯಾಗಿ ಹೇಳಿ,” ಎಂದಳು ಮುದ್ದಮ್ಮ. ಯಶೋದಮ್ಮನ ಕಿವಿ ಚೆನ್ನಾಗಿಯೇ ಇತ್ತು. ಡಾಕ್ಟರು ಗಟ್ಟಿಯಾಗಿ ಹೇಳಿದರು. ವಾರ್ಡಿಗೆ ವಾರ್ಡೇ ತಿರುಗಿ ನೋಡಿತು.

ಮೂರನೆಯ ದಿನ ಕೂಸು ಬಾಯಿಬಿಟ್ಟು ಅತ್ತಿತು. ಬೆಂಚಿನ ಮೇಲೆ ಮುದುರಿ ಕೂತಿದ್ದ ಯಶೋದಮ್ಮ, “ನಂಗೆ ಗೊತ್ತಿರ್ಲಿಲ್ಲ ಮುದ್ದಿ,” ಎಂದಳು.

“ನಂಗೂ ಗೊತ್ತಿರ್ಲಿಲ್ಲ. ಅದಕ್ಕೇ ನಿಮ್ಮ ಮಾತು ಕೇಳಿದ್ದು.”

ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮುದ್ದಮ್ಮ ಸಮಾಧಾನ ಮಾಡಲಿಲ್ಲ. ಹಾಲೂಡಿಸುವ ಹೊತ್ತಾಗಿತ್ತು.

“ಏಳಿ. ನೀವೇ ಎತ್ಕೊಂಡು ಹೋಗಿ ರಕ್ಷಾಳ ಎದೆಗೆ ಹಾಕಿ. ಅದನ್ನ ನಾನು ಕಣ್ಣಾರೆ ನೋಡ್ಬೇಕು.”